ಸೇಂಟ್ ಆಂಡ್ರೂಸ್ ಗಾಲ್ಫ್ ಕ್ಲಬ್ಬಿನ ಕಥಿ: ವಾಕಿಂಗಿನಾಗ ದಿನಾ ಕೇಳೋ ಪ್ರಶ್ನೆಗಳು

ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜು) ಗ್ರೌಂಡಿನಾಗ ಮುಂಜಾನೆ ಮೂರು ಸುತ್ತು ಹೊಡದು ಚಾ ಕುಡಿಯಾಕ ಕುಂತ್ರ ಸಾಕು, ಯಾರರ ಒಬ್ರು ಶುರು ಹಚ್ಕೋತಾರ, "ಸರ್ರ, ನೀವು ಗಾಲ್ಫ್ ಹುಟ್ಟಿದ ಊರಿಗೆ ಹೋಗಿ ಬಂದೀರಂತಲ್ಲ?" ಹೌದ್ರಿ, ಹೋಗಿದ್ದೆ. ತಂಗಿ ಮಗಳು ಸ್ಕಾಟ್ಲೆಂಡಿನ ಡಂಡೀ ಊರಾಗ ಎಂ.ಎಸ್ಸಿ ಮುಗಿಸಿದ್ಲು, ಆಕಿ ಕಾನ್ವೊಕೇಶನ್ನಿಗೆ ನಾನೂ ನಮ್ಮ ಮನಿಯವ್ರೂ ಹೋಗಿದ್ವಿ, ಅಲ್ಲಿಂದ ಟೇ ನದಿ ಬ್ರಿಜ್ ದಾಟಿದ್ರ ಬಸ್ಸಿಲೆ ಸೇಂಟ್ ಆಂಡ್ರೂಸ್ ಭಾಳ ದೂರ ಇಲ್ಲ, ಒಂದು ರವಿವಾರ ಒಂದು ಸೋಮವಾರ ಅಂತ ಎರಡು ದಿನ ಅಲ್ಲೇ ಅಡ್ಡಾಡಿದ್ವಿ. ನಾ ಗಾಲ್ಫ್ ಆಡಾಂವ ಅಲ್ಲ, ಮೊದ್ಲ ಹೇಳಿಬಿಡ್ತೀನಿ. ಆದ್ರ ಆ ಕ್ಲಬ್ಬಿನ ಇತಿಹಾಸ ತಲಿಯಾಗ ಹೊಕ್ಕೊಂಡು ಕುಂತೈತಿ. ದಿನಾ ಅದ ಪ್ರಶ್ನೆಗೆ ಅದ ಉತ್ತರ ಹೇಳಿ ಹೇಳಿ ಚಾ ಆರಿ ಹೋಗಾಕತ್ತೈತಿ, ಅದಕ್ಕ ಎಲ್ಲಾ ಒಂದ ಕಡೆ ಟೈಪ್ ಮಾಡಿ ಇಟ್ಟೀನಿ.

ಪ್ರಶ್ನೆ: ಯಾವ ಕ್ಲಬ್ಬು ಇದು? ಬೆಂಗಳೂರಿನ ಗಾಲ್ಫ್ ಕ್ಲಬ್ಬೂ ಭಾಳ ಹಳೇದು ಅಂತಾರಲ್ಲ?

ಬೆಂಗಳೂರಿಂದು 1876ರದ್ದು, ಹಳೇದ ಐತಿ. ಕಲ್ಕತ್ತಾದ್ದು ಅದಕ್ಕಿಂತ ಹಳೇದು, 1829, ಬ್ರಿಟನ್ ಬಿಟ್ರ ಜಗತ್ತಿನಾಗ ಮೊದಲನೇ ಗಾಲ್ಫ್ ಕ್ಲಬ್ಬು ಅದ. ನಾ ಹೇಳೋದು ರಾಯಲ್ ಅಂಡ್ ಏನ್ಷಂಟ್ ಗಾಲ್ಫ್ ಕ್ಲಬ್ ಆಫ್ ಸೇಂಟ್ ಆಂಡ್ರೂಸ್, ಮಂದಿ ಬಾಯಾಗ ಆರ್ ಅಂಡ್ ಎ. ಸ್ಕಾಟ್ಲೆಂಡಿನ ಪೂರ್ವ ದಂಡಿ ಮ್ಯಾಲೆ ಫೈಫ್ ಅನ್ನೋ ಸೀಮಿಯೊಳಗ ಸಣ್ಣ ಊರು, ಒಂದು ಕಡೆ ಸಮುದ್ರ, ಒಂದು ಕಡೆ 1413ರ ಹೊತ್ತಿಗೆ ಶುರುವಾದ ಯೂನಿವರ್ಸಿಟಿ, ನಡುವ ಹಾಳು ಬಿದ್ದ ದೊಡ್ಡ ಚರ್ಚು. ಕಾಲೇಜು ಹುಡುಗ್ರು, ಪುಸ್ತಕದ ಅಂಗಡಿ, ಮ್ಯಾಲೆ ಜಿಟಿಜಿಟಿ ಮಳಿ, ಒಟ್ಟಿನಾಗ ಧಾರವಾಡದ ಮಂದಿಗೆ ಹೊಸಾದು ಅನಸೂದಿಲ್ಲ.

ಪ್ರಶ್ನೆ: ಯಾರು ಕಟ್ಟಿದ್ರು, ಯಾವಾಗ?

1754, ಮೇ 14. ಇಪ್ಪತ್ತೆರಡು ಮಂದಿ, ಎಲ್ಲಾ ಜಹಗೀರದಾರ್ರು, ಪ್ರೊಫೆಸರ್ರು ಇಂಥಾ ದೊಡ್ಡ ಮನುಷ್ಯಾರು, ಪಟ್ಟಿ ಹಾಕಿ ಒಂದು ಬೆಳ್ಳಿ ಗಾಲ್ಫ್ ಕೋಲು ಮಾಡಿಸಿದ್ರು, ವರ್ಷಕ್ಕೊಮ್ಮೆ ಪಂದ್ಯಾ, ಗೆದ್ದಾಂವ ಆ ವರ್ಷದ ಕ್ಯಾಪ್ಟನ್. ಅಷ್ಟ. ಆಗ ಹೆಸರು ಸೊಸೈಟಿ ಆಫ್ ಸೇಂಟ್ ಆಂಡ್ರೂಸ್ ಗಾಲ್ಫರ್ಸ್. ರೂಲ್ಸು ಸೈತ ಇವ್ರವಲ್ಲ, ಹತ್ತು ವರ್ಷ ಮೊದ್ಲ 1744ರಾಗ ಎಡಿನ್‌ಬರೋ ಕಡೆ ಲೀತ್ ಅನ್ನೋ ಜಾಗಾದ ಆಟಗಾರರು 13 ರೂಲ್ಸ್ ಬರದಿದ್ರು, ಅವನ್ನ ಹೆಚ್ಚು-ಕಡಿಮಿ ಹಂಗ ಎತ್ಕೊಂಡ್ರು. "ರಾಯಲ್ ಅಂಡ್ ಏನ್ಷಂಟ್" ಅನ್ನೋ ಹೆಸರು ಬಂದಿದ್ದು 1834ರಾಗ, ನಾಕನೇ ವಿಲಿಯಂ ರಾಜಾ ಪೋಷಕ ಆದ ಮ್ಯಾಲೆ. ಇವತ್ತು ಫೋಟೋದಾಗ ಕಾಣೋ ಕಲ್ಲಿನ ಕ್ಲಬ್‌ಹೌಸ್ ಕಟ್ಟಿದ್ದು 1854ರಾಗ, ಅಂದ್ರ ಕ್ಲಬ್ಬಿಗೆ ನೂರು ವರ್ಷ ತುಂಬಿದ ಮ್ಯಾಲೆ.

ಪ್ರಶ್ನೆ: ಅಂದ್ರ ಜಗತ್ತಿನಾಗ ಇದ ಎಲ್ಲಾದಕ್ಕೂ ಹಳೇ ಕ್ಲಬ್ಬು?

ಅಲ್ಲ. ಆ 13 ರೂಲ್ಸ್ ಬರದವ್ರ ಎಡಿನ್‌ಬರೋ ಕ್ಲಬ್ಬು ಇದಕ್ಕಿಂತ ಹಳೇದು. ಆದ್ರ ಲೆಕ್ಕಾ ಬರೇ ವಯಸ್ಸಿಂದಲ್ಲ, 1897ರಿಂದ ರೂಲ್ಸ್ ಬರಿಯೋ ಕಮಿಟಿ ಇವ್ರ ಕೈಯಾಗ ಬಂತು, ಹಿರಿತನ ಹಂಗ ಬಂದದ್ದು. ಈಗ ಆ ಕೆಲಸಾನೂ ಕ್ಲಬ್ಬಿನದಲ್ಲ, 2004ರಾಗ ಬ್ಯಾರೆ ಸಂಸ್ಥೆ ಮಾಡಿ ಅದಕ್ಕ ಒಪ್ಪಿಸ್ಯಾರ. ಅದರ ಹೆಸರೂ ಆರ್ ಅಂಡ್ ಎ, ಗೊಂದಲ ಆಗೋದು ಸಹಜ.

ಪ್ರಶ್ನೆ: ಇಷ್ಟು ಹಳೇ ಕ್ಲಬ್ಬು, ಆ ಮೈದಾನದ ಬೆಲಿ ಎಷ್ಟು ಕೋಟಿ ಇರಬೇಕು?

ಇದನ್ನ ಕೇಳ್ರಿ ಅಂತನ ನಾ ದಾರಿ ಕಾಯ್ತಿರ್ತೀನಿ. ಮೈದಾನ ಕ್ಲಬ್ಬಿಂದಲ್ಲ! ಊರಿಂದು. ನಮ್ಮ ಕಡೆ ಹಳ್ಯಾಗ ಗಾಯರಾಣ ಇರ್ತೈತಲ್ಲ, ದನ ಬಿಡಾಕ, ಹುಡುಗ್ರು ಆಡಾಕ, ಜಾತ್ರಿ ಕೂಡಾಕ, ಹಂಗ ಅದು ಆ ಊರಿನ ಗಾಯರಾಣ. ಸಮುದ್ರಕ್ಕೂ ಬಿತ್ತೋ ಹೊಲಕ್ಕೂ ನಡುವ ಉಸುಕಿನ ದಿಬ್ಬದ ಭೂಮಿ, ಏನೂ ಬೆಳಿಯೂದಿಲ್ಲ, ಗಿಡ್ಡ ಹುಲ್ಲು ಅಷ್ಟ, ಅದಕ್ಕ ಅವ್ರು "ಲಿಂಕ್ಸ್" ಅಂತಾರ. ಕುರಿ ಮೇಯ್ತಿದ್ವು, ಮೊಲ ಹಿಡೀತಿದ್ರು, ಹೆಣ್ಣುಮಕ್ಕಳು ಸ್ವಿಲ್ಕನ್ ಅನ್ನೋ ಹಳ್ಳದಾಗ ಅರಬಿ ಒಗದು ಹುಲ್ಲಿನ ಮ್ಯಾಲೆ ಒಣಗ ಹಾಕ್ತಿದ್ರು. ನಗಬ್ಯಾಡ್ರಿ, ಚೆಂಡು ಒಣಗ ಹಾಕಿದ ಅರಬಿ ಮ್ಯಾಲೆ ಬಿದ್ರ ಅರಬಿ ಎಳದು ತಗೀಬೋದು, ಒಗಿಯೋ ತೊಟ್ಟಿ ಅಡ್ಡ ಬಂದ್ರ ಸರಸಬೋದು ಅಂತ ಒಂದು ಕಾಲಕ್ಕ ಅಲ್ಲಿ ರೂಲ್ ಇತ್ತು. ನಮ್ಮ ಮನಿಯವ್ರಿಗೆ ಈ ಮಾತು ಎಷ್ಟು ಸೇರಿತು ಅಂದ್ರ, ಉಳಿದ ಇತಿಹಾಸ ಏನೂ ಬ್ಯಾಡ ಅಂದ್ರು.

ಈ ಹಕ್ಕು ಬಾಯಿಮಾತಿಂದಲ್ಲ. 1123ರಾಗ ಒಂದನೇ ಡೇವಿಡ್ ರಾಜಾ ಲಿಂಕ್ಸ್ ಭೂಮಿ ಊರವ್ರದು ಅಂತ ಸನದು ಕೊಟ್ಟಾ ಅಂತಾರ. 1552ರಾಗ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಬರದು ಕೊಟ್ಟ ಪತ್ರದಾಗ ಊರವ್ರಿಗೆ ಅಲ್ಲಿ ಗಾಲ್ಫ್ ಆಡೋ ಹಕ್ಕು ಐತಿ ಅಂತ ಚೊಲೋತ್ನ್ಯಾಗಿ ಕಾಣಿಸ್ಯಾನ, ಮೊಲ ಸಾಕೋ ಹಕ್ಕು ಮಾತ್ರ ತನಗ ಇಟ್ಕೊಂಡ. ಇಟ್ಕೊಂಡಿದ್ದು ಸಣ್ಣ ಮಾತು ಅನಸ್ತೈತಿ, ಆದ್ರ ಎರಡೂವರಿ ನೂರು ವರ್ಷದ ಮ್ಯಾಲೆ ಊರ ತುಂಬ ರಗಳಿ ಎಬ್ಬಿಸಿದ್ದು ಅವ ಮೊಲಗಳು.

ಪ್ರಶ್ನೆ: ಮೊಲದ ರಗಳಿ? ಏನ್ರೀ ಅದು?

1797ರಾಗ ಊರಿನ ಕೌನ್ಸಿಲ್ ದಿವಾಳಿ ಎದ್ತು. ರೊಕ್ಕಾ ಬೇಕಲ್ಲ, ಲಿಂಕ್ಸ್ ಭೂಮಿ ಕೈ ಬಿಟ್ರು, ಅದು ಡೆಂಪ್‌ಸ್ಟರ್ ಅನ್ನೋ ವ್ಯಾಪಾರಿಗಳ ಪಾಲಾತು. ಅವ್ರಿಗೆ ಗಾಲ್ಫ್ ಎಲ್ಲಿ ಬೇಕಾಗೇತಿ, ಮೊಲದ ಮಾಂಸ ಮೊಲದ ತೊಗಲು ಇದ್ರಾಗ ಲಾಭ ಐತಿ ಅಂತ ಮೈದಾನ ತುಂಬ ಮೊಲ ಬಿಟ್ರು. ಮೊಲ ಅಂದ್ರ ಗೊತ್ತಲ್ಲ, ಎರಡಿದ್ದದ್ದು ಇಪ್ಪತ್ತಾಗಾಕ ಎಷ್ಟು ದಿನ, ಹುಲ್ಲೆಲ್ಲಾ ಕೆದರಿ ತೂತು ಮಾಡಿ, ಚೆಂಡು ಯಾವ ತೂತಿಗೆ ಹೋತು ಅನ್ನೋದ ತಿಳೀಲಾರ್ದಂಗ ಆತು. ಗಾಲ್ಫಿನವ್ರು ಮೊಲ ಹೊಡಿಯಾಕ ನಿಂತ್ರು, ಮೊಲದವ್ರು ಅವ್ರನ್ನ ತಡಿಯಾಕ ನಿಂತ್ರು, ಕೋರ್ಟು ಕಚೇರಿ ಆಗಿ ಕೇಸು 1813ರಾಗ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ತನಕಾ ಹೋತು. ಇಪ್ಪತ್ತು ವರ್ಷ ಎಳೀತು. ನಮ್ಮ ಕಡೆ ಬದುವಿನ ಸಲುವಾಗಿ ಅಣ್ಣ-ತಮ್ಮಂದಿರು ಧಾರವಾಡ ಕೋರ್ಟಿಗೆ ಅಡ್ಡಾಡ್ತಾರಲ್ಲ, ಅದ ಕಥಿ, ಬದುವಿನ ಬದಲಿ ಮೊಲ.

ಕಡೀಕ 1821ರಾಗ ಜೇಮ್ಸ್ ಚೀಪ್ ಅನ್ನೋ ಬಾಜೂಕಿನ ಜಮೀನದಾರ, ತಾನೂ ಗಾಲ್ಫ್ ಹುಚ್ಚಿನಾಂವ, ಇಡೀ ಭೂಮಿ ಕೊಂಡು ಮೊಲದ ಧಂಧೆ ಬಂದ್ ಮಾಡಿಸಿದಾ. ಆಟ ಉಳೀತು. ಆದ್ರ ಭೂಮಿ ಊರಿಗೆ ವಾಪಸ್ ಬಂದಿದ್ದು 1894ರಾಗ, ಅದೂ ಪಾರ್ಲಿಮೆಂಟಿನಾಗ ಕಾಯ್ದೆ ಮಾಡಿಸಿ. ಆಮ್ಯಾಲೆ 1974ರಾಗ ಇನ್ನೊಂದು ಕಾಯ್ದೆ ಮಾಡಿ ಲಿಂಕ್ಸ್ ಟ್ರಸ್ಟ್ ಅಂತ ಮಾಡಿದ್ರು, ಈಗ ಏಳು ಕೋರ್ಸು, ಅಂದ್ರ ಗಾಲ್ಫ್ ಮೈದಾನ, ಎಲ್ಲಾ ಅದರ ಉಸ್ತುವಾರಿ. ಅಷ್ಟು ದೊಡ್ಡ ಆರ್ ಅಂಡ್ ಎ ಕ್ಲಬ್ಬು ತನ್ನ ಕಿಡಕಿ ಮುಂದಿನ ಹುಲ್ಲಿಗೆ ತಾನು ಮಾಲಕ ಅಲ್ಲ. ಮೆಂಬರ್ರಿಗೆ ಆಡಾಕ ಟೈಮು ತಗದು ಇಟ್ಟಿರ್ತಾರ, ಅದು ಬ್ಯಾರೆ ಮಾತು.

ಇಲ್ಲಿ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಅಜ್ಜನ ಊರಿನ ಗಾಯರಾಣ ನಾ ಸಣ್ಣಾಂವ ಇದ್ದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಗಿದ್ರ ಕೇಳ್ತಿರ್ಲಿಲ್ಲ, ಈಗ ಹೋದ್ರ ದನ ತಿರುಗಿಸಾಕ ಜಾಗಾ ಇಲ್ಲ. ಅಲ್ಲಿ ನಿಂತಾಗ ನನಗ ಗಾಲ್ಫಿಗಿಂತ ಅದ ನೆನಪಾಗಾಕತ್ತಿತ್ತು.

ಪ್ರಶ್ನೆ: ಒಬ್ಬ ರಾಜಾ ಗಾಲ್ಫ್ ಬ್ಯಾನ್ ಮಾಡಿದ್ದನಂತ, ಖರೇನಾ?

ಖರೇ. 1457, ಎರಡನೇ ಜೇಮ್ಸ್. ಹುಡುಗ್ರು ಬಿಲ್ಲು-ಬಾಣ ಕಲಿಯೋದು ಬಿಟ್ಟು ಫುಟ್‌ಬಾಲು ಗಾಲ್ಫು ಅಂತ ಹೊಂಟಾರ, ಇಂಗ್ಲೆಂಡಿನವ್ರು ಬಂದ್ರ ಯಾರು ಕಾದಾಡಬೇಕು ಅಂತ ಸಿಟ್ಟು. 1471ರಾಗ, 1491ರಾಗ ಮತ್ತ ಮತ್ತ ಬ್ಯಾನ್ ಮಾಡಿದ್ರು, ಅಂದ್ರ ಯಾರೂ ಕೇಳಿಲ್ಲ ಅಂತ ಅರ್ಥ. ಮಜಾ ಏನಂದ್ರ 1491ರಾಗ ಬ್ಯಾನ್ ಮಾಡಿದ ನಾಕನೇ ಜೇಮ್ಸ್ 1502ರಾಗ ಪರ್ತ್ ಊರಿನ ಬಿಲ್ಲು ಮಾಡಾಂವನ ಕಡೆ ತಾನ ಗಾಲ್ಫ್ ಕೋಲು ಕೊಂಡಾ.

ಪ್ರಶ್ನೆ: ಹದಿನೆಂಟ ಹೋಲ್ ಯಾಕ? ಒಂದು ಬಾಟ್ಲಿ ವಿಸ್ಕಿಯಾಗ 18 ಪೆಗ್ಗು ಅಂತ ಹೇಳ್ತಾರಲ್ಲ?

ಆ ವಿಸ್ಕಿ ಕಥಿ ವಾಟ್ಸಾಪಿಂದು, ಬಿಡ್ರಿ. ಹೋಲ್ ಅಂದ್ರ ಚೆಂಡು ಬೀಳಸೋ ಕುಣಿ. ಸೇಂಟ್ ಆಂಡ್ರೂಸಿನಾಗ ಮೊದ್ಲ ಹೋಗೋವಾಗ 11, ತಿರುಗಿ ಬರೋವಾಗ 11, ಒಟ್ಟು 22 ಆಡ್ತಿದ್ರು. 1764ರಾಗ ಮೊದಲಿನ ನಾಕು ಹೋಲು ಭಾಳ ಸಮೀಪ ಅದಾವ, ಮಜಾ ಇಲ್ಲ ಅಂತ ಅವನ್ನ ಕೂಡಿಸಿ ಎರಡು ಮಾಡಿದ್ರು. ಹೋಗೋವಾಗ ಎರಡು ಕಡಿಮಿ, ಬರೋವಾಗ ಎರಡು ಕಡಿಮಿ, ಉಳದಿದ್ದು 18. ಅಷ್ಟ, ಮತ್ತೇನೂ ಗುಟ್ಟಿಲ್ಲ. ಬ್ಯಾರೆ ಕಡೆ ಆಗ 5, 7, 12 ಹೆಂಗ ಬೇಕೋ ಹಂಗ ಇರ್ತಿದ್ವು, 1860ರಾಗ ಓಪನ್ ಚಾಂಪಿಯನ್‌ಶಿಪ್ ಅನ್ನೋ ಗಾಲ್ಫಿನ ದೊಡ್ಡ ಪಂದ್ಯಾ ಮೊದಲ ಸರ್ತಿ ಪ್ರೆಸ್ಟ್‌ವಿಕ್ ಊರಾಗ ಆದಾಗ ಅಲ್ಲಿ ಇದ್ದದ್ದು 12 ಹೋಲು, ಆಡಿದವ್ರು ಎಂಟ ಮಂದಿ.

ಹೋಗೋ ದಾರಿ ಬರೋ ದಾರಿ ಒಂದ ಇದ್ದುದಕ್ಕ ಅಲ್ಲಿಯ ಹಳೇ ಮೈದಾನ ಓಲ್ಡ್ ಕೋರ್ಸಿನಾಗ ಇವತ್ತಿಗೂ ಏಳು ಗ್ರೀನು ಜೋಡಿ, ಒಂದ ದೊಡ್ಡ ಹುಲ್ಲಿನ ಹಾಸಿಗಿ ಮ್ಯಾಲೆ ಎರಡು ಕುಣಿ ಎರಡು ನಿಶಾನಿ. ಎರಡನೇದಕ್ಕ ಹದಿನಾರನೇದು ಜೋಡಿ, ಮೂರಕ್ಕ ಹದಿನೈದು, ನಾಕಕ್ಕ ಹದಿನಾಕು, ಹಿಂಗ. ಯಾವ ಜೋಡಿ ಕೂಡಿಸಿದ್ರೂ 18 ಬರ್ತೈತಿ. ನಮ್ಮ ವಾಕಿಂಗ್ ಗುಂಪಿನ ಗಣಿತದ ಮಾಸ್ತರು ಇದನ್ನ ಕೇಳಿ ಎರಡು ದಿನಾ ಖುಷಿಯಾಗಿದ್ರು.

ಪ್ರಶ್ನೆ: ಆ ಕುಣಿ ಅಷ್ಟ ಸಣ್ಣದ್ಯಾಕ?

ನಾಕೂಕಾಲು ಇಂಚು, 108 ಮಿಲಿಮೀಟರು. ಮಸಲ್‌ಬರೋ ಅನ್ನೋ ಊರಾಗ 1829ರಾಗ ಕುಣಿ ಕೊರಿಯಾಕ ಒಂದು ಕಬ್ಬಿಣದ ಸಾಧನ ಮಾಡಿಸಿದ್ರು, ಅದರ ಅಗಲ ಅಷ್ಟಿತ್ತು, 1891ರಾಗ ಆರ್ ಅಂಡ್ ಎ ಅದನ್ನ ಎಲ್ಲಾರಿಗೂ ರೂಲ್ ಮಾಡಿತು.

ಪ್ರಶ್ನೆ: ಚೆಂಡಿನ ಕಥಿ ಹೇಳ್ರಿ, ಮೊದ್ಲ ಪುಕ್ಕ ತುಂಬಿ ಮಾಡ್ತಿದ್ರಂತ?

ಹೌದು. ಚರ್ಮದ ಸಣ್ಣ ಚೀಲ ಹೊಲದು, ಒಂದು ಉದ್ದ ಟೊಪ್ಪಿಗಿ ತುಂಬ ಬಾತುಕೋಳಿ ಪುಕ್ಕ ಕುದಿಸಿ ಹಸಿ ಇದ್ದಾಗ ಅದರಾಗ ಒತ್ತಿ ಒತ್ತಿ ತುರುಕೋದು, ಒಣಗಿದ ಮ್ಯಾಲೆ ಪುಕ್ಕ ಉಬ್ಬಿ ಚರ್ಮ ಬಿಗದು ಕಲ್ಲಿನಂಗ ಆಗ್ತಿತ್ತು. ಕೈ ಚಳಕ ಇದ್ದಾಂವ ದಿನಕ್ಕ ಮೂರ್ನಾಕು ಮಾಡಿದ್ರ ಭಾಳ. ಅದಕ್ಕ ಚೆಂಡು ತುಟ್ಟಿ, ಮಳ್ಯಾಗ ನೆನದ್ರ ಹರದು ಹೋಗ್ತಿತ್ತು, ಹಿಂಗಾಗಿ ರೊಕ್ಕಿದ್ದವ್ರ ಆಟ ಅದು. 1848ರ ಹೊತ್ತಿಗೆ ಮಲಯಾ ಕಡೆ ಗಿಡದ ಹಾಲಿನಿಂದ ಮಾಡಿದ ಗಟ್ಟಾ ಪರ್ಚಾ ಚೆಂಡು ಬಂತು, ಬಿಸಿನೀರಾಗ ಮೆತ್ತಗ ಮಾಡಿ ಕೈಲೆ ಉಂಡಿ ಕಟ್ಟಿದ್ರ ಮುಗೀತು, ಸೀಳಿದ್ರ ಮತ್ತ ಕಾಸಿ ಕಟ್ಟೋದು. ಬೆಲಿ ಇಳೀತು, ಸಾದಾ ಮಂದಿ ಆಡಾಕ ಶುರು ಮಾಡಿದ್ರು.

ಇದ್ರಿಂದ ಗುರು-ಶಿಷ್ಯರ ನಡುವ ಜಗಳ ಆತು. ಸೇಂಟ್ ಆಂಡ್ರೂಸಿನ ಅಲನ್ ರಾಬರ್ಟ್‌ಸನ್ ಅಂದ್ರ ಪುಕ್ಕದ ಚೆಂಡಿನ ದೊಡ್ಡ ಕಸಬುದಾರ, ಆಟದಾಗೂ ಎತ್ತಿದ ಕೈ, 1858ರಾಗ ಓಲ್ಡ್ ಕೋರ್ಸನ್ನ 79 ಹೊಡತಕ್ಕ ಮುಗಿಸಿದಾಂವ, ಅದಕ್ಕೂ ಮೊದ್ಲ 80ರ ಒಳಗ ಯಾರೂ ಮುಗಿಸಿರ್ಲಿಲ್ಲ. ಆತನ ಅಂಗಡ್ಯಾಗ ಕೆಲಸಕ್ಕಿದ್ದಾಂವ ಟಾಮ್ ಮೋರಿಸ್. ಒಂದಿನ ಟಾಮ್ ಆ ಹೊಸಾ ಗಟ್ಟಾ ಚೆಂಡಿಲೆ ಆಡೋದನ್ನ ಅಲನ್ ನೋಡಿಬಿಟ್ಟಾ. ಅಲ್ಲಿಗೆ ಮುಗೀತು, ಇಬ್ರೂ ಬ್ಯಾರೆ ಆದ್ರು, ಟಾಮ್ 1851ರಾಗ ಪ್ರೆಸ್ಟ್‌ವಿಕ್‌ಗೆ ಹೋದಾ.

ಪ್ರಶ್ನೆ: ಈ ಟಾಮ್ ಮೋರಿಸ್ ಹೆಸರು ಅಷ್ಟ್ಯಾಕ ಹೇಳ್ತಾರ?

1860ರ ದಶಕದಾಗ ತಿರುಗಿ ಊರಿಗೆ ಬಂದು ಮೈದಾನ ನೋಡ್ಕೊಳ್ಳೋ ಕೆಲಸಾ ಹಿಡದಾ. ಹುಲ್ಲಿನ ಮ್ಯಾಲೆ ಉಸುಕು ಹಾಕಿದ್ರ ಹುಲ್ಲು ಚಲೋ ಬರ್ತೈತಿ ಅನ್ನೋದು ಈತನ ಖಾಯಂ ಔಷಧ. ತಾನು ನಾಕು ಸರ್ತಿ ಓಪನ್ ಗೆದ್ದಾ, 1867ರಾಗ ಗೆದ್ದಾಗ 46 ವರ್ಷ. ಮಗನ ಹೆಸರೂ ಟಾಮ್, ಅಪ್ಪ ಕಡೀ ಸರ್ತಿ ಗೆದ್ದ ಮರುವರ್ಷ 1868ರಾಗ 17ನೇ ವಯಸ್ಸಿಗೆ ಗೆದ್ದಾ, 69, 70 ಮತ್ತ ಗೆದ್ದು ಬಹುಮಾನದ ಬೆಲ್ಟನ್ನ ಮನಿಗೇ ಒಯ್ದಾ, 1871ರಾಗ ಕೊಡಾಕ ಬೆಲ್ಟ ಇರ್ಲಿಲ್ಲ, ಪಂದ್ಯಾನ ಆಗ್ಲಿಲ್ಲ, 72ರಾಗ ಮತ್ತ ಆತನ ಗೆದ್ದಾ. 1875ರಾಗ ಹೆಂಡತಿ ಬಾಣಂತನದಾಗ ತೀರ್ಕೊಂಡ್ಲು, ಅದ ವರ್ಷ ಕ್ರಿಸ್ಮಸ್ ದಿನಾ ಮಗನೂ ಹೋದಾ, ಬರೇ 24. ಅಪ್ಪ ಅದಾದ ಮ್ಯಾಲೆ 32 ವರ್ಷ ಬದುಕಿದ್ದಾ, 1908ರ ತನಕಾ, ದಿನಾ ಅದ ಹುಲ್ಲಿನ ಮ್ಯಾಲೆ. ಚರ್ಚಿನ ಹಿತ್ತಲದಾಗ ಇಬ್ರ ಸಮಾಧಿನೂ ಐತಿ, ಮಗನ ಕಲ್ಲಿನ ಮ್ಯಾಲೆ ಟೊಪ್ಪಿಗಿ ಹಾಕ್ಕೊಂಡು ಚೆಂಡು ಹೊಡಿಯಾಕ ನಿಂತಂಗ ಮೂರ್ತಿ ಕೆತ್ಯಾರ.

ಪ್ರಶ್ನೆ: ರವಿವಾರ ಅಲ್ಲಿ ಗಾಲ್ಫ್ ಇಲ್ಲಂತ, ಯಾಕ?

ಓಲ್ಡ್ ಕೋರ್ಸು ರವಿವಾರ ಸೂಟಿ, ದೊಡ್ಡ ಪಂದ್ಯಾ ಇದ್ದಾಗ ಮಾತ್ರ ಬಿಟ್ಟು. ಮೊದ್ಲ ಧರ್ಮದ ಕಟ್ಟಳೆ, ಟಾಮ್ ಮೋರಿಸ್ ಹೇಳ್ತಿದ್ದಿದ್ದು ಏನಂದ್ರ ನಿಮಗ ವಿಶ್ರಾಂತಿ ಬ್ಯಾಡಾದ್ರೂ ಮೈದಾನಕ್ಕ ಬೇಕು ಅಂತ. ನಾವು ಹೋಗಿದ್ದೂ ರವಿವಾರ. ನಾ ಏನ್ ತಿಳ್ಕೊಂಡಿದ್ದೆ, ಗೇಟು ಹಾಕಿರ್ತಾರ, ಹೊರಗಿಂದ ನೋಡಿ ಬರೋದು ಅಂತ. ಗೇಟೂ ಇಲ್ಲ ವಾಚ್‌ಮನ್ನೂ ಇಲ್ಲ! ಮುದುಕ-ಮುದುಕಿ ನಾಯಿ ಬಿಟ್ಕೊಂಡು ಅಡ್ಡಾಡಾಕತ್ಯಾರ, ಹುಡುಗ್ರು ಓಡಾಕತ್ಯಾವ. ಒಂದನೇ ಮತ್ತ ಹದಿನೆಂಟನೇ ಹೋಲಿನ ನಡುವ ಅಡ್ಡ ಒಂದು ಡಾಂಬರ್ ರಸ್ತಾನ ಐತಿ, ಆಟ ನಡದಾಗೂ ಕಾರು ಮಂದಿ ದಾಟ್ತಾರ, ಆಟಗಾರರು ನಿಂತು ದಾರಿ ಬಿಡ್ತಾರ. ಸ್ವಿಲ್ಕನ್ ಹಳ್ಳದ ಮ್ಯಾಲೆ ಕಲ್ಲಿನ ಪೂಲು, ಏಳುನೂರು ವರ್ಷದ್ದು ಅಂತಾರ, ಕುರಿ ದಾಟಸಾಕ ಕಟ್ಟಿದ್ದು. ಟಿವ್ಯಾಗ ನೋಡಿ ಭಾರೀ ಪೂಲು ಅನ್ಕೊಂಡಿದ್ದೆ, ಹೋಗಿ ನೋಡಿದ್ರ ನಮ್ಮ ಕಾಲುವಿ ಮ್ಯಾಲಿನ ಮೋರಿಯಷ್ಟ, ಎರಡು ಆಡು ಜೋಡಿ ಬಂದ್ರ ಇಕ್ಕಟ್ಟು. ಕಲ್ಲು ಸವದು ನಡುವ ತಗ್ಗಾಗಿ, ಕಾಲಿಟ್ರ ನಮ್ಮೂರ ಗುಡಿ ಹೊಸ್ತಿಲ ನೆನಪಾತು. ಕ್ಯೂ ಹಚ್ಚಿ ಫೋಟೋ ತಗಸ್ಕೊಂಡ್ವಿ.

ಪ್ರಶ್ನೆ: ಉಸುಕಿನ ಆ ಬಂಕರ್ ಯಾರು ತೋಡಿದ್ದು?

ಕುರಿಗಳು ಅಂತಾರ. ಸಮುದ್ರದ ಗಾಳಿ ತಡೀಲಾರ್ದ ದಿಬ್ಬದ ಮಗ್ಗಲಕ ಮಲಗಿ ಮಲಗಿ ಕೆದರಿ ತಗ್ಗು ಬಿದ್ವಂತ. ಗಾಳಿ ಅಂದ್ರ ನಮ್ಮ ಕಪ್ಪತಗುಡ್ಡದ ಮ್ಯಾಲಿನ ಗಾಳಿ ನೆನಸ್ಕೋರಿ, ಅದರ ಜೋಡಿ ಥಂಡಿ ಸೇರಸ್ರಿ. ಓಲ್ಡ್ ಕೋರ್ಸಿನಾಗ 112 ಬಂಕರ್ ಅದಾವ, ಹದಿನಾಕನೇ ಹೋಲಿಂದು ಹೆಲ್ ಬಂಕರ್, ಹೆಸರ ನರಕ. ನಾ ಅಂಚಿಗೆ ನಿಂತು ಬಗ್ಗಿ ನೋಡಿದೆ, ಒಳಗ ಇಳದಾಂವ ತಲಿ ಸೈತ ಕಾಣಂಗಿಲ್ಲ. ಬಾಬಿ ಜೋನ್ಸ್ ಅನ್ನೋ ಅಮೆರಿಕಾದ ದೊಡ್ಡ ಆಟಗಾರ 1921ರಾಗ ಹನ್ನೊಂದನೇ ಹೋಲಿನ ಬಂಕರ್‌ನಾಗ ಸಿಕ್ಕು ಬ್ಯಾಸತ್ತು ಆಟಾನ ಬಿಟ್ಟಾ. ಆಮ್ಯಾಲೆ 1927ರಾಗ ಬಂದು ಅಲ್ಲೇ ಓಪನ್ ಗೆದ್ದಾ, 1958ರಾಗ ಊರವ್ರು ಆತಗ ಊರಿನ ಗೌರವ ನಾಗರಿಕ ಅಂತ ಮಾಡಿದ್ರು, ಅಮೆರಿಕಾದವ್ರಾಗ ಆತಗಿಂತ ಮೊದ್ಲ ಆ ಮಾನ ಸಿಕ್ಕಿದ್ದು 1759ರಾಗ ಬೆಂಜಮಿನ್ ಫ್ರಾಂಕ್ಲಿನ್‌ಗೆ. ಟೈಗರ್ ವುಡ್ಸ್ 2000ದ ಓಪನ್‌ನಾಗ ನಾಕು ದಿನ 72 ಹೋಲು ಆಡಿ ಒಂದ ಒಂದು ಬಂಕರ್‌ಗೂ ಬೀಳ್ಲಿಲ್ಲ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಕ್ಲಬ್ಬಿನಾಗ ಜಾಗಾ ಐತೇನ್ರಿ? (ಇದು ಯಾವಾಗ್ಲೂ ವೈನಿಯವ್ರು ಕೇಳೋದು)

ಈಗ ಐತಿ ವೈನಿ. ಎಂದಿನಿಂದ? 2014ರ ಸೆಪ್ಟೆಂಬರ್ 18ರಿಂದ! 260 ವರ್ಷ ಗಂಡಸರ ಕ್ಲಬ್ಬು. ಸ್ಕಾಟ್ಲೆಂಡ್ ಬ್ಯಾರೆ ದೇಶ ಆಗಬೇಕೋ ಬ್ಯಾಡೋ ಅಂತ ಇಡೀ ದೇಶ ವೋಟು ಹಾಕಿದ್ದೂ ಅದ ದಿನಾ, ದೇಶ ಬ್ಯಾಡ ಅಂತು, ಕ್ಲಬ್ಬಿನಾಗ 85 ಪರ್ಸೆಂಟ್ ಹೂಂ ಅಂದ್ರು. ಆದ್ರ ಊರಿನ ಹೆಣ್ಣುಮಕ್ಕಳು ಇವ್ರ ದಾರಿ ಕಾಯ್ತ ಕುಂತಿರ್ಲಿಲ್ಲ, 1867ರಾಗ ತಮ್ಮದ ಲೇಡೀಸ್ ಪಟಿಂಗ್ ಕ್ಲಬ್ ಮಾಡ್ಕೊಂಡಿದ್ರು. ಪಟಿಂಗ್ ಯಾಕಂದ್ರ, ಹೆಣ್ಣುಮಕ್ಕಳು ಭುಜದ ಮ್ಯಾಲೆ ಕೈ ಎತ್ತಿ ಬೀಸೋದು ಮರ್ಯಾದಿ ಅಲ್ಲ ಅನ್ನೋ ಕಾಲ ಅದು, ಮೆಲ್ಲಕ ತಳ್ಳೋ ಆಟಕ್ಕಷ್ಟ ಪರ್ಮಿಶನ್ನು. ಅವ್ರ ಮೈದಾನದ ಹೆಸರು ಏನ್ ಗೊತ್ತೇನ್ರಿ, ಹಿಮಾಲಯಾಸ್! ಅಷ್ಟು ಏರಿಳಿವು.

ಪ್ರಶ್ನೆ: ರೈಲ್ವೇ ಏನರ ಐತೇನು? (ಹುಬ್ಬಳ್ಳಿಯವ್ರ ಪ್ರಶ್ನೆ, ಮತ್ಯಾರು)

ಇತ್ತು. 1852ರಾಗ ಬಂತು, 1969ರಾಗ ಕಿತ್ತು ಹಾಕಿದ್ರು. ಹದಿನೇಳನೇ ಹೋಲಿನಾಗ ರೈಲ್ವೇ ಶೆಡ್ಡಿನ ಮ್ಯಾಲಿಂದ ಚೆಂಡು ಹಾರಿಸಬೇಕಾಗಿತ್ತು, ಈಗ ಅಲ್ಲಿ ಹೋಟೆಲ್ಲು, ಅದರ ಮೂಲಿ ಮ್ಯಾಲಿಂದ ಹಾರಸ್ತಾರ. ಸಮೀಪದ ಸ್ಟೇಶನ್ ಈಗ ಲೂಕರ್ಸ್, ಅಲ್ಲಿಂದ ಬಸ್ಸು.

ಪ್ರಶ್ನೆ: ನಮ್ಮಂಥಾವ್ರು ಅಲ್ಲಿ ಆಡಬೋದಾ?

ಓಲ್ಡ್ ಕೋರ್ಸಿಗೆ ಲಾಟರಿ ಐತಿ, ಹೆಸರು ಕೊಟ್ರ ಎರಡು ದಿನ ಮೊದ್ಲ ಚೀಟಿ ಎತ್ತತಾರ, ಮೆಂಬರ್ ಆಗಿರಬೇಕು ಅಂತೇನಿಲ್ಲ, ಆದ್ರ ಆಟ ಬರ್ತೈತಿ ಅನ್ನಾಕ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಬೇಕು, ಫೀಜು ಮಾತ್ರ ನಮ್ಮ ಪೆನ್ಶನ್ನಿಗೆ ಅಲ್ಲ. ಹಿಮಾಲಯಾಸ್ ಹಂಗಲ್ಲ, ಕೆಲವು ಪೌಂಡು ಕೊಟ್ರ ಕೋಲೂ ಚೆಂಡೂ ಅವ್ರ ಕೊಡ್ತಾರ, ಯಾರರ ಆಡಬೋದು. ಸೋಮವಾರ ತಂಗಿ ಮಗಳೂ ಸೇರಿ ನಾವು ಮೂರೂ ಮಂದಿ ಆಡಿದ್ವಿ. ಗಾಲ್ಫ್ ಚೆಂಡು ಕೈಯಾಗ ಹಿಡದಿದ್ದು ಅದ ಮೊದ್ಲ, 46 ಗ್ರಾಮು, ನಮ್ಮ ಪೇಢೆದಕ್ಕಿಂತ ಸ್ವಲ್ಪ ದೊಡ್ಡದು. ದಿಬ್ಬದ ಮ್ಯಾಲೆ ತಳ್ಳಿದ್ರ ಕುಣಿ ಹತ್ರ ಹೋಗಿ, ನಿಂತು, ವಿಚಾರ ಮಾಡಿ, ತಿರುಗಿ ನನ್ನ ಕಾಲಬುಡಕ್ಕ ಬಂತು. ಮೂರು ಸರ್ತಿ.

ಪ್ರಶ್ನೆ: ಯಾರು ಗೆದ್ರು?

ನಮ್ಮ ಮನಿಯವ್ರು. ಸೀರಿ ಸೆರಗು ಸೊಂಟಕ್ಕ ಸಿಗಿಸಿ, ಸ್ವೆಟರ್ ತೋಳು ಏರಿಸಿ, ಕಸಬರಿಗಿ ಹಿಡದಂಗ ಕೋಲು ಹಿಡದಿದ್ರು. ಸ್ಕೋರು ಕೇಳಬ್ಯಾಡ್ರಿ, ಆ ಕಾರ್ಡು ನಮ್ಮ ಮನಿ ಫ್ರಿಜ್ಜಿನ ಮ್ಯಾಲೆ ಅಂಟಿಸ್ಯಾರ, ಬಂದು ನೋಡ್ರಿ.